ಡಬ್ಬಿ ಹೋಗದ ಕೋಣೆ

ಬೆಟ್ಟ ಬಿದ್ದದ್ದು ಒದ್ದೆ ಬೆಡ್‌ಶೀಟುಗಳ ರಾಶಿಯ ಮೇಲೆ. ಅದೊಂದು ಪುಣ್ಯ. ಎರಡಡಿ ಆಚೆ ಬಿದ್ದಿದ್ದರೆ ಕಾದ ಉರುಳೆಗೆ ಮುಖ ಕೊಟ್ಟಿರುತ್ತಿದ್ದ. ಆಸ್ಪತ್ರೆಯ ಬಟ್ಟೆಗಳ ಜೊತೆ ಅವನಿಗೂ ಇಸ್ತ್ರಿ ಆಗಿಹೋಗುತ್ತಿತ್ತು.

ಬೆಟ್ಟ ಅಂದರೆ ಮನುಷ್ಯ. ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹದಿನೆಂಟು ವರ್ಷದಿಂದ ದುಡಿಯುತ್ತಿದ್ದವನು. ಆರಡಿಯ ಮೇಲೆ ಇನ್ನೂ ಮೂರು ಬೆರಳು. ಬಾಗಿಲಲ್ಲಿ ಓರೆಯಾಗಿ ತೂರಬೇಕು, ಅಂಥ ಭುಜ. ನೆನೆದ ಬಟ್ಟೆಯ ಗಾಡಿಯನ್ನು ಬೇರೆಯವರು ಇಬ್ಬಿಬ್ಬರು ಸೇರಿ ನೂಕಿದರೆ ಅವನು ಒಬ್ಬನೇ ನೂಕುತ್ತಿದ್ದ. ಅದನ್ನು ನೋಡಿ ಮೇಸ್ತ್ರಿ ಇನ್ನೊಬ್ಬನನ್ನು ತೆಗೆದುಹಾಕಿದ. ದೊಡ್ಡ ಮೈಗೆ ಸಿಕ್ಕ ಬಹುಮಾನ ಅದು.

ಇವನ ಹೆಂಡತಿ ಅದೇ ಲಾಂಡ್ರಿಯಲ್ಲಿ ಬಟ್ಟೆ ಮಡಚುವವಳು. ಇವನ ಎದೆಮಟ್ಟಕ್ಕೂ ಬಾರದ ಸಣಕಲಿ. ಎಲ್ಲರೂ ಕಡ್ಡಿ ಅನ್ನುತ್ತಿದ್ದರು. ಬಾಯಿ ಮಾತ್ರ ಬೆಂಕಿಕಡ್ಡಿ. ಗಂಡನ ಮುಖಕ್ಕೆ ನೀರು ಚಿಮುಕಿಸಿ, ಅವನು ಕಣ್ಣು ಬಿಟ್ಟ ಕೂಡಲೇ ಅವಳು ಕೇಳಿದ್ದು ಇಷ್ಟು:

"ಮಲಗೋಕೆ ಬೇರೆ ಜಾಗ ಸಿಗಲಿಲ್ವಾ? ಈಗಷ್ಟೇ ಒಗೆದಿದ್ದು, ಮತ್ತೆ ಒಗೀಬೇಕು."

ಕೇಳಿ ಮುಗಿಸಿ ಮುಖ ಆಚೆ ತಿರುಗಿಸಿಕೊಂಡಳು. ಅತ್ತದ್ದನ್ನು ಯಾರೂ ನೋಡಿಲ್ಲ ಅಂದುಕೊಂಡಿದ್ದಳು. ಎಲ್ಲರೂ ನೋಡಿದ್ದರು.

ಅವನು ಬಿದ್ದ ಜಾಗಕ್ಕೆ ಹಬೆ ಕೋಣೆ ಅಂತ ಹೆಸರು. ಒಗೆದ ಬಟ್ಟೆ ಅಲ್ಲೇ ಒಣಗಬೇಕು, ಅಲ್ಲೇ ಉರುಳೆಯಡಿ ಹಾಯಬೇಕು. ಮೊದಲು ಗೋಡೆಯಲ್ಲಿ ಒಂದು ಕಿಂಡಿ ಇತ್ತು, ಕಿಂಡಿಯಲ್ಲಿ ಹಬೆ ಹೊರಗೆ ದಬ್ಬುವ ಫ್ಯಾನು ಇತ್ತು. ಕಿಂಡಿಯ ಆಚೆ ಡಾಕ್ಟರುಗಳ ಕಾರು ನಿಲ್ಲುವ ಜಾಗ. ಹಬೆ ತಾಗಿ ಕಾರಿನ ಬಣ್ಣದ ಮೇಲೆ ಕಲೆ ಕೂರುತ್ತದೆ ಅಂತ ದೂರು ಬಂತು. ಕಾರುಗಳನ್ನು ಹತ್ತಡಿ ಸರಿಸಲಿಲ್ಲ. ಕಿಂಡಿಗೆ ತಗಡು ಹೊಡೆದರು. ಅದಾಗಿ ಎರಡು ವರ್ಷ, ಕಾರುಗಳು ಹೊಳೆಯುತ್ತಿವೆ. ಒಳಗಿನವರು ಬೇಯುತ್ತಿದ್ದಾರೆ. ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡಿಬಿಟ್ಟಿದ್ದರು. ಕುಡಿದರೆ ಕಕ್ಕಸಿಗೆ ಹೋಗಬೇಕು, ಕಕ್ಕಸು ಮೂರು ಮಹಡಿ ಮೇಲೆ, ಹೋಗಿಬರುವಷ್ಟರಲ್ಲಿ ಮೇಸ್ತ್ರಿಯ ಬಾಯಿ ಶುರುವಾಗಿರುತ್ತಿತ್ತು.

ಆ ಕೋಣೆಯ ಬಾಗಿಲಿಗೆ ಒಂದು ಪುಸ್ತಕ ನೇತುಹಾಕಿದೆ. ದಿನವೂ ಒಳಗಿನ ಬಿಸಿ ಎಷ್ಟೆಂದು ಅದರಲ್ಲಿ ಬರೆಯಬೇಕು. ಮೇಸ್ತ್ರಿ ಬರೆಯುತ್ತಿದ್ದ. ಒಳಗಿನ ಗೋಡೆಯಲ್ಲಿ ಬಿಸಿ ತೋರಿಸುವ ಮೀಟರಿನ ಮುಳ್ಳನ್ನು ನೋಡುತ್ತಿರಲಿಲ್ಲ. ಬೆಳಿಗ್ಗೆ ಬಂದವನೇ ಚಹಾ ಕುಡಿಯುತ್ತಾ 'ಮೂವತ್ತೆಂಟು' ಅಂತ ಬರೆದು ಗೀಟು ಎಳೆಯುತ್ತಿದ್ದ. ಬೇಸಿಗೆಯಲ್ಲೂ ಮೂವತ್ತೆಂಟು. ಉರುಳೆ ಕೆಟ್ಟು ನಿಂತ ದಿನವೂ ಮೂವತ್ತೆಂಟು.

ಬಿದ್ದ ಮಾರನೆಯ ದಿನ ಮೇಸ್ತ್ರಿ ಬೆಟ್ಟನ ಮುಂದೆ ಒಂದು ಕಾಗದ ಹಿಡಿದ. 'ನಾನು ಬೆಳಿಗ್ಗೆ ಏನೂ ತಿನ್ನದೆ ಬಂದು ನನ್ನದೇ ನಿಶ್ಶಕ್ತಿಯಿಂದ ಬಿದ್ದೆ. ಇದಕ್ಕೂ ಕೆಲಸದ ಜಾಗಕ್ಕೂ ಸಂಬಂಧವಿಲ್ಲ.' ಕೆಳಗೆ ಸಹಿಗೆ ಜಾಗ.

ಕಡ್ಡಿ ಓದಿದಳು. "ಏನೂ ತಿಂದಿರಲಿಲ್ವಾ? ಹಾಗಾದ್ರೆ ಬೆಳಿಗ್ಗೆ ನಮ್ಮನೆ ಪಾತ್ರೆ ಬಳಿದು ಖಾಲಿ ಮಾಡಿದ್ದು ಯಾರು ಮೇಸ್ತ್ರಿ, ಬೆಕ್ಕಾ?"

ಮಡಚುವ ಮೇಜಿನವರೆಲ್ಲ ನಕ್ಕರು. ಮೇಸ್ತ್ರಿ ನಗಲಿಲ್ಲ.

"ಹಾರ್ಟ್ ಡಾಕ್ಟ್ರ ಹತ್ರ ತೋರಿಸಿಕೊಂಡು ಬಾ. ಹಾರ್ಟ್ ವೀಕ್ ಅಂದ್ರೆ ಮನೆಗೆ ಹೋಗು, ಇಲ್ಲಿ ನಿಂಗೆ ಕೆಲಸ ಇಲ್ಲ. ಸರಿ ಇದೆ ಅಂದ್ರೆ ಇದಕ್ಕೆ ಸಹಿ ಹಾಕಿ ಒಳಗೆ ಹೋಗು. ಎರಡರಲ್ಲಿ ಒಂದು."

ಬೆಟ್ಟನಿಗೆ ಎರಡೂ ಒಂದೇ ಥರ ಕಂಡವು. ಕಾಯಿಲೆ ಇದ್ದರೆ ಹೊಟ್ಟೆಗಿಲ್ಲ. ಇಲ್ಲದಿದ್ದರೆ ಮತ್ತೆ ಆ ಕೋಣೆ, ಮತ್ತೊಂದು ಸಲ ಬೀಳುವುದು, ಆ ಸಲ ಬೆಡ್‌ಶೀಟು ಇರುತ್ತದೋ ಉರುಳೆ ಇರುತ್ತದೋ.

ಆಸ್ಪತ್ರೆಯ ಮುಂಬಾಗಿಲಿಗೆ ಅವನು ಹದಿನೆಂಟು ವರ್ಷದಲ್ಲಿ ಮೊದಲ ಸಲ ಬಂದ. ಒಳ್ಳೆ ಅಂಗಿ ಹಾಕಿಕೊಂಡಿದ್ದ. ಕಾವಲಿನವನು ಕೈ ಅಡ್ಡ ಹಿಡಿದ.

"ಲಾಂಡ್ರಿ ಹಿಂದೆ."

"ಸರಿ ಅಣ್ಣ," ಅಂದವನೇ ಬೆಟ್ಟ ತಿರುಗಿ ಹೊರಟೇಬಿಟ್ಟ. ಕಡ್ಡಿ ಅವನ ಅಂಗಿ ಹಿಡಿದು ಎಳೆದಳು. ಎಳೆದ ರಭಸಕ್ಕೆ ಅವಳೇ ಎರಡು ಹೆಜ್ಜೆ ಜಾರಿದಳು.

"ಎಲ್ಲಿಗೆ? ಇವತ್ತು ನೀನು ರೋಗಿ ಕಣಯ್ಯಾ, ರೋಗಿ! ರೋಗಿ ಥರ ನಡಿ."

"ರೋಗಿ ಥರ ಅಂದ್ರೆ ಹೇಗೆ ನಡೀಬೇಕು?"

"ಮೆತ್ತಗೆ. ಗಾಡಿ ನೂಕೋ ಥರ ಅಲ್ಲ."

ಒಳಗೆ ಬೆಂಚಿನ ಮೇಲೆ ಕೂತು ಇನ್ನೂ ಬೆವರು ಆರಿರಲಿಲ್ಲ, ವಾರ್ಡಿನ ಸಿಸ್ಟರ್ ಒಬ್ಬರು ಹಾದುಹೋದರು. ಅವನ ಮುಖದ ಪರಿಚಯ ಅವರಿಗಿರಲಿಲ್ಲ. ಭುಜದ ಪರಿಚಯ ಇತ್ತು. "ಅಯ್ಯೋ ಬಂದ್ಯಾ? ಒಳ್ಳೇದಾಯ್ತು, ಆ ಮೂಲೆ ಗಂಟು ತಗೊಂಡ್ಹೋಗು." ಬೆಟ್ಟ ಎದ್ದ. ಗಂಟಿಗೆ ಕೈ ಹಾಕಿದ. ಹೆಗಲಿಗೂ ಏರಿಸಿದ. ಕಡ್ಡಿ ಅದನ್ನು ಕೆಳಗಿಳಿಸಿ, ಅದರ ಮೇಲೆಯೇ ಕೂತುಬಿಟ್ಟಳು.

"ಇವರ ನಂಬರ್ ಬರೋವರೆಗೂ ಈ ಗಂಟು ಏಳಲ್ಲ ಸಿಸ್ಟರ್."

ಹೃದಯದ ಡಾಕ್ಟರಮ್ಮ ಒಳ್ಳೆಯವರೇ. ಅವಸರ ಮಾಡಲಿಲ್ಲ, ಗದರಿಸಲಿಲ್ಲ. ಬೆಟ್ಟ ಅವರ ಮುಖ ನೋಡುವ ಬದಲು ಕೋಟು ನೋಡುತ್ತಿದ್ದ. ಕಾಲರಿನ ಬಲಗಡೆ ಸಣ್ಣ ಸುಕ್ಕು ಉಳಿದಿತ್ತು. ಯಾರ ಕೈ ಕೆಲಸ ಅಂತ ಗೊತ್ತಾಗಿ ನಾಚಿಕೆಯಾಯಿತು.

ಡಾಕ್ಟರಮ್ಮ ಎಲ್ಲ ಕೇಳಿದರು. ಬೀಡಿ ಸೇದ್ತೀರಾ, ಕುಡೀತೀರಾ, ಸಕ್ಕರೆ ಕಾಯಿಲೆ ಇದೆಯಾ, ಅಪ್ಪ ಹೇಗೆ ತೀರಿಕೊಂಡರು, ಅಣ್ಣತಮ್ಮಂದಿರಿಗೆ ಎದೆನೋವಿದೆಯಾ. ಸತ್ತು ಮೂವತ್ತು ವರ್ಷವಾದ ಅಪ್ಪನ ಎದೆಯ ತನಕ ಹೋದರು. ಎಲ್ಲಿ ಬಿದ್ದಿರಿ ಅಂತ ಕೇಳಲಿಲ್ಲ. ನೆಲ ಎಲ್ಲ ಕಡೆಯೂ ಒಂದೇ ಅಂತ ಅಂದುಕೊಂಡಿದ್ದರೇನೋ.

ಮಲಗಿಸಿ ಇಸಿಜಿ ತೆಗೆದರು. ಹಾಸಿಗೆಯಿಂದ ಬೆಟ್ಟನ ಕಾಲು ಮೊಣಕಾಲಿನಿಂದ ಕೆಳಗೆ ಹೊರಗೇ ಉಳಿಯಿತು. "ಹಾಸಿಗೆ ಸಾಲದು, ಇನ್ನೊಂದು ಸೇರಿಸಿ," ಅಂದಳು ಕಡ್ಡಿ. ಡಾಕ್ಟರಮ್ಮನಿಗೂ ನಗು ಬಂತು. ಕಾಗದದ ಗೆರೆ ನೋಡಿ, "ಇದರಲ್ಲಿ ಏನೂ ಕಾಣ್ತಿಲ್ಲ. ಒಂದು ದಿನಪೂರ್ತಿ ನೋಡಬೇಕು," ಅಂದರು.

ಬೆಟ್ಟನ ಎದೆಗೆ ಐದು ಬಿಲ್ಲೆ ಅಂಟಿಸಿ, ಐದು ವೈರು ಸಿಕ್ಕಿಸಿ, ಸೋಪಿನ ಡಬ್ಬಿಯಷ್ಟು ದೊಡ್ಡ ಒಂದು ಯಂತ್ರವನ್ನು ಕುತ್ತಿಗೆಗೆ ನೇತುಹಾಕಿದರು. ಇಪ್ಪತ್ತನಾಲ್ಕು ಗಂಟೆ ಅದು ಹೃದಯದ ಬಡಿತ ಬರೆದುಕೊಳ್ಳುತ್ತದಂತೆ. ಜೊತೆಗೊಂದು ಚೀಟಿ. ಯಾವ ಗಂಟೆಯಲ್ಲಿ ಏನು ಮಾಡಿದೆ ಅಂತ ಅದರಲ್ಲಿ ಬರೆಯಬೇಕು.

"ದಿನಾ ಏನು ಮಾಡ್ತೀರೋ ಅದನ್ನೇ ಮಾಡಿ," ಅಂದರು ಡಾಕ್ಟರಮ್ಮ. "ಡಬ್ಬಿ ಜೋಪಾನ. ತುಂಬಾ ದುಬಾರಿದು."

ಆ ಎರಡನೆಯ ಮಾತು ಹೇಳಬಾರದಿತ್ತು.

ಮಾರನೆಯ ದಿನ ಬೆಟ್ಟ ಡಬ್ಬಿ ನೇತುಹಾಕಿಕೊಂಡು ಲಾಂಡ್ರಿಗೆ ಇಳಿದಾಗ ಎಲ್ಲರೂ ಸುತ್ತ ನಿಂತರು. ಮಡಚುವ ಮೇಜಿನ ಹಿರಿಯಳು ದೊಡ್ಡಮ್ಮ. ಅಕ್ಷರ ಬಾರದವಳು. ಆದರೆ ಬಟ್ಟೆಯ ಅಂಚಿಗೆ ಹೊಲಿದಿರುವ ಚೀಟಿಯ ಮೇಲಿನ ಚಿತ್ರಗಳನ್ನು ಅವಳಷ್ಟು ಚೆನ್ನಾಗಿ ಓದುವವರು ಯಾರೂ ಇಲ್ಲ. ಯಾವುದನ್ನು ಹಿಂಡಬಾರದು, ಯಾವುದಕ್ಕೆ ಎಷ್ಟು ಬಿಸಿ, ಯಾವುದನ್ನು ನೆರಳಲ್ಲಿ ಹರವಬೇಕು, ನೋಡಿದ ಕೂಡಲೇ ಹೇಳುತ್ತಾಳೆ. ಅವಳು ಡಬ್ಬಿಯನ್ನು ತಿರುಗಿಸಿ ಬೆನ್ನು ನೋಡಿದಳು. ಅಲ್ಲೂ ಚಿತ್ರಗಳಿದ್ದವು.

"ಹನಿ ಮೇಲೆ ಗೀಟು. ನೀರು ತಾಗಬಾರದು. ಇದು ಜ್ವರ ನೋಡೋ ಕಡ್ಡಿ, ಪಕ್ಕದಲ್ಲಿ ನಂಬರ್ ಎಷ್ಟೇ?"

"ನಲವತ್ತೈದು," ಅಂದಳು ಐದನೇ ಕ್ಲಾಸು ಓದಿದ್ದ ಕಡ್ಡಿ.

"ನಲವತ್ತೈದರ ಮೇಲೆ ಬಿಸಿ ತಾಗಬಾರದು. ರೇಷ್ಮೆ ಇದ್ದ ಹಾಗೆ ಕಣ್ರೇ ಇದು. ಒಳಗೆ ಹೋದ್ರೆ ಹಾಳಾಗುತ್ತೆ. ನೆರಳಲ್ಲಿ ಕೂರಿಸಿ."

ಕೂರಿಸಿದರು. ಒಂದು ತಲೆದಿಂಬು ತಂದರು, ಬೆಟ್ಟನಿಗಲ್ಲ, ಡಬ್ಬಿ ಒರಗಲಿಕ್ಕೆ. ಆಸ್ಪತ್ರೆಯ ಯಾವ ಸಾಮಾನು ತಮ್ಮ ಕೈಯಲ್ಲಿ ಮುರಿದರೂ ತಮ್ಮ ತಲೆಗೇ ಬರುತ್ತದೆಂಬುದು ಆ ಜನಕ್ಕೆ ಮೈಯಲ್ಲೇ ಇಳಿದುಹೋಗಿತ್ತು. ಒಗೆಯಲು ಬಂದ ಕೋಟಿನ ಜೇಬಲ್ಲಿ ಡಾಕ್ಟರರ ಪೆನ್ನು ಉಳಿದಿದ್ದರೂ ಬೈಸಿಕೊಂಡವರು ಇವರೇ. ಮೇಸ್ತ್ರಿಯೂ ದೂರದಿಂದ ನೋಡಿ, ಡಬ್ಬಿಯ ಭಯಕ್ಕೆ ಸುಮ್ಮನಾದ. ಬೆಟ್ಟನ ಗಾಡಿಯನ್ನು ಉಳಿದವರು ಸರದಿಯಲ್ಲಿ ನೂಕಿದರು. ಮಧ್ಯೆ ಬಿಡುವಾದಾಗ ಕಡ್ಡಿ ಒಂದು ರಟ್ಟು ಹಿಡಿದು ಬೀಸಿದಳು.

"ಗಂಡನಿಗೆ ಗಾಳಿ ಹಾಕ್ತಿದ್ದೀಯೇನೇ?" ಅಂತ ದೊಡ್ಡಮ್ಮ ಕಣ್ಣು ಮಿಟುಕಿಸಿದಳು.

"ಇವನಿಗ್ಯಾಕೆ? ಡಬ್ಬಿಗೆ."

"ಪುಣ್ಯ ಮಾಡಿದೆ ಡಬ್ಬಿ," ಅಂದ ಬೆಟ್ಟ. "ಮದುವೆಯಾಗಿ ಇಷ್ಟು ವರ್ಷ ಆಯ್ತು, ನಂಗೆ ಒಂದು ದಿನ ಬೀಸಿದವಳಲ್ಲ."

"ನೀನೂ ಎದೆ ಮೇಲೆ ದುಬಾರಿ ಅಂತ ಬರೆಸಿಕೊಂಡು ಬಾ, ಬೀಸ್ತೀನಿ."

ಹೀಗೆ ನಗುತ್ತಾ ನಗುತ್ತಾ ದಿನ ಕಳೆಯಿತು. ಕಡ್ಡಿ ಒಂದು ಗಂಟೆಯನ್ನೂ ಬಿಡದೆ ಚೀಟಿ ತುಂಬಿದಳು.

ಮೂರನೆಯ ದಿನ ಡಾಕ್ಟರಮ್ಮ ಪರದೆಯ ಮೇಲೆ ಗೆರೆಗಳನ್ನು ಓಡಿಸಿ ನೋಡಿ ಖುಷಿಪಟ್ಟರು. "ಏನೂ ತೊಂದರೆ ಇಲ್ಲ. ಕುದುರೆ ಥರ ಇದೆ ನಿಮ್ಮ ಹಾರ್ಟು. ಸುಮ್ಮನೆ ಹೆದರಿದ್ದೀರಿ ಅಷ್ಟೆ. ಆರಾಮಾಗಿ ಕೆಲಸಕ್ಕೆ ಹೋಗಿ. ಬರೆದುಕೊಡ್ತೀನಿ."

ಪೆನ್ನು ತೆಗೆದರು. ಬೆಟ್ಟನಿಗೆ ತನ್ನ ಹೃದಯದ ಮೇಲೆ ಹೆಮ್ಮೆಯಾಯಿತು, ಅದರ ಹಿಂದೆಯೇ ಭಯವೂ ಹುಟ್ಟಿತು. ಆ ಕಾಗದ ಕೆಳಗೆ ಹೋದರೆ ಮೇಸ್ತ್ರಿಯ ಕಾಗದಕ್ಕೆ ಸಹಿ. ಸಹಿಯಾದರೆ ಬಾಗಿಲು, ಹಬೆ, ಉರುಳೆ.

"ಮೇಡಂ, ಚೀಟಿ ಓದಿದ್ರಾ?" ಅಂದಳು ಕಡ್ಡಿ.

"ಯಾವ ಚೀಟಿ?"

"ನೀವೇ ಕೊಟ್ರಲ್ಲ, ಗಂಟೆ ಗಂಟೆಗೂ ಬರೀರಿ ಅಂತ. ಕಷ್ಟಪಟ್ಟು ಬರೆದಿದ್ದೀನಿ. ಒಂದ್ಸಲ ಓದಿ."

ಕಾಗದಗಳ ಅಡಿಯಿಂದ ಚೀಟಿ ಹೊರಬಂತು. ಡಾಕ್ಟರಮ್ಮ ಓದಿದರು. ಎಂಟು ಗಂಟೆ, ಕೂತರು. ಒಂಬತ್ತು ಗಂಟೆ, ಕೂತರು. ಹತ್ತು, ದಿಂಬು ತಂದರು. ಹನ್ನೊಂದು, ನಾನು ಡಬ್ಬಿಗೆ ಗಾಳಿ ಹಾಕಿದೆ. ಹನ್ನೆರಡು, ಮತ್ತೆ ಹಾಕಿದೆ. ಒಂದು, ಊಟ, ಎರಡು ಸಲ ಬಡಿಸಿಕೊಂಡರು. ಎರಡು, ಗೊರಕೆ. ಮೂರು, ಎಲ್ಲರೂ ನಕ್ಕರು, ಇವರೂ ನಕ್ಕರು.

ಡಾಕ್ಟರಮ್ಮ ಜೋರಾಗಿ ನಕ್ಕುಬಿಟ್ಟರು. "ದಿನಾ ಇದೇನಾ ನಿಮ್ಮ ಕೆಲಸ? ನಂಗೂ ಒಂದು ಕೊಡಿಸ್ರಿ."

"ಇಲ್ಲ ಮೇಡಂ," ಅಂದ ಬೆಟ್ಟ. "ಇದು ನನ್ನ ದಿನ ಅಲ್ಲ. ಡಬ್ಬಿ ದಿನ."

ಡಾಕ್ಟರಮ್ಮನ ನಗು ನಿಂತಿತು. ಆಗ ಕೇಳಿದರು. ಮೂರು ದಿನದ ಮೇಲೆ ಕೇಳಿದರು. "ನೀವು ಬಿದ್ದದ್ದು ಎಲ್ಲಿ?"

ಬೆಟ್ಟ ಹೇಳಿದ. ಮಾತು ಬರದ ಕಡೆ ಕೈಯಲ್ಲಿ ತೋರಿಸಿದ. ಗಾಡಿ ನೂಕುವುದು, ಬಾಗುವುದು, ಸುಡುವ ಬಟ್ಟೆಯನ್ನು ಎದೆಗೊತ್ತಿ ಎಳೆಯುವುದು, ಕಣ್ಣಿಗೆ ಕಪ್ಪು ಕವಿಯುವುದು. ಕಿಂಡಿಗೆ ತಗಡು ಹೊಡೆದದ್ದನ್ನೂ ಹೇಳಿದ.

"ಯಾಕೆ ಮುಚ್ಚಿದ್ರು?"

ಬೆಟ್ಟ ನೆಲ ನೋಡಿದ. ಕಡ್ಡಿ ನೋಡಲಿಲ್ಲ.

"ನಿಮ್ಮ ಕಾರಿಗೆ ಹಬೆ ತಾಗುತ್ತೆ ಅಂತ."

ಡಾಕ್ಟರಮ್ಮ ಬರೆಯುತ್ತಿದ್ದ ಕಾಗದವನ್ನು ಹರಿದು ಬುಟ್ಟಿಗೆ ಹಾಕಿದರು. ತಾವೇ ಎದ್ದು ಬಂದು ಐದು ಬಿಲ್ಲೆ ಮತ್ತೆ ಅಂಟಿಸಿ, ಡಬ್ಬಿ ನೇತುಹಾಕಿದರು.

"ಈಗ ಹೋಗಿ ನಿಜವಾದ ಕೆಲಸ ಮಾಡಿ. ಕೂರಬೇಡಿ."

ಬೆಟ್ಟ ನೇರ ಕೆಳಗಿಳಿದ. ಗಾಡಿ ತುಂಬಿಕೊಂಡ. ಹಬೆ ಕೋಣೆಯ ಬಾಗಿಲಿಗೆ ಗಾಡಿಯ ಮೂತಿ ತಾಗುವಷ್ಟರಲ್ಲಿ ಮೇಸ್ತ್ರಿ ಓಡಿ ಬಂದು ಅಡ್ಡ ನಿಂತ.

"ತಲೆ ಕೆಟ್ಟಿದೆಯಾ ನಿಂಗೆ? ಡಬ್ಬಿ ಸಮೇತ ಒಳಗೆ ಹೋಗ್ತೀಯಾ?"

"ಡಾಕ್ಟ್ರು ಹೇಳಿದ್ದಾರೆ."

"ಅವರಿಗೇನು ಗೊತ್ತು ಒಳಗಿನ ಕಥೆ? ಒಂದು ಗಂಟೆಯಲ್ಲಿ ಬೆಂದುಹೋಗುತ್ತೆ ಯಂತ್ರ. ಆಮೇಲೆ ನನ್ನ ಕುತ್ತಿಗೆಗೆ ಬರುತ್ತೆ. ತಾಳು."

ಮೇಸ್ತ್ರಿ ಗೋಡೆಯ ಫೋನು ಎತ್ತಿ ಡಾಕ್ಟರಮ್ಮನ ಕೋಣೆಗೆ ಹಚ್ಚಿದ. ಆಸ್ಪತ್ರೆಯ ಆಸ್ತಿ ಕಾಪಾಡುತ್ತಿದ್ದೇನೆಂಬ ಹುಮ್ಮಸ್ಸು ಅವನ ದನಿಯಲ್ಲಿತ್ತು.

"ನಮಸ್ಕಾರ ಮೇಡಂ. ಈ ಮನುಷ್ಯ ನಿಮ್ಮ ಮಿಷನ್ ಹಾಕ್ಕೊಂಡು ಹಬೆ ಕೋಣೆಗೆ ಹೋಗ್ತಿದ್ದಾನೆ. ನಾನೇ ತಡೆದೆ... ಹೂಂ ಮೇಡಂ, ತುಂಬಾ ಬಿಸಿ... ಎಷ್ಟಾ? ತಾಳಿ, ನೋಡಿ ಹೇಳ್ತೀನಿ."

ಎರಡು ವರ್ಷದಲ್ಲಿ ಮೊದಲ ಸಲ ಅವನು ಬಾಗಿಲು ತೆರೆದು ಕತ್ತು ಒಳಗೆ ಚಾಚಿ ಮುಳ್ಳು ನೋಡಿದ. ಕತ್ತು ಬೇಗ ಹೊರಗೆ ಬಂತು.

"ಐವತ್ತೆರಡು ಮೇಡಂ... ಹೌದು ಮೇಡಂ, ದಿನಾ ಅಷ್ಟೇ, ಮಧ್ಯಾಹ್ನ ಇನ್ನೂ ಏರುತ್ತೆ... ಬರೆದು ಕಳಿಸಲಾ? ಖಂಡಿತ ಮೇಡಂ. ಈಗಲೇ. ಸಹಿ ಹಾಕಿ ಕಳಿಸ್ತೀನಿ."

ಬರೆದ. 'ಈ ಕೋಣೆಯಲ್ಲಿ ಪ್ರತಿದಿನ ಐವತ್ತೆರಡು ಡಿಗ್ರಿಗಿಂತ ಹೆಚ್ಚು ಬಿಸಿ ಇರುವುದರಿಂದ ಯಂತ್ರವನ್ನು ಒಳಗೆ ಒಯ್ಯುವುದು ಸೂಕ್ತವಲ್ಲ.' ದಿನಾಂಕ ಹಾಕಿದ. ದುಂಡಗೆ ಸಹಿ ಮಾಡಿದ. ಮೊಹರು ಒತ್ತಿದ. ಎಂದೂ ಇಷ್ಟು ಚೆಂದ ಬರೆದವನಲ್ಲ.

"ನಾನೇ ಕೊಟ್ಟು ಬರ್ತೀನಿ ಮೇಸ್ತ್ರಿ," ಅಂತ ಕಡ್ಡಿ ಕೈ ಚಾಚಿದಳು. ಅವನು ಕೊಟ್ಟ. ಅವಳು ಅದನ್ನು ಎರಡು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು. ಮೇಲಕ್ಕೆ ಹೋಗಲಿಲ್ಲ. ಅಲ್ಲೇ ನಿಂತಳು.

"ಸರಿ," ಅಂದ ಮೇಸ್ತ್ರಿ ಬೆಟ್ಟನ ಕಡೆ ತಿರುಗಿ. "ಡಬ್ಬಿ ಬಿಚ್ಚಿ ಜೋಪಾನವಾಗಿ ಮೇಜಿನ ಮೇಲಿಡು. ನೀನು ಒಳಗೆ ಹೋಗು. ಆಪರೇಷನ್ ಥಿಯೇಟರಿನ ಬಟ್ಟೆ ಕಾಯ್ತಿದೆ."

ಬೆಟ್ಟನ ಕೈ ಡಬ್ಬಿಯ ತನಕ ಹೋಯಿತು. ಹದಿನೆಂಟು ವರ್ಷ ಹೇಳಿದ್ದನ್ನು ಮಾಡಿದ ಕೈ ಅದು. ದಾರದ ಗಂಟನ್ನೂ ಮುಟ್ಟಿತು. ಅಲ್ಲಿ ನಿಂತಿತು.

"ಇಲ್ಲ," ಅಂದ.

"ಏನಿಲ್ಲ?"

"ಡಬ್ಬಿ ಹೋಗಬಾರದ ಕೋಣೆಗೆ ನಾನೂ ಹೋಗಲ್ಲ."

ದನಿ ದೊಡ್ಡದೇನಲ್ಲ. ಅಷ್ಟು ದೊಡ್ಡ ಮೈಯಿಂದ ಅಷ್ಟು ಸಣ್ಣ ದನಿ ಬಂದದ್ದು ನೋಡಿ ಬೇರೆ ದಿನವಾಗಿದ್ದರೆ ಜನ ನಗುತ್ತಿದ್ದರು. ಯಾರೂ ನಗಲಿಲ್ಲ. ಮಡಚುವ ಕೈಗಳೆಲ್ಲ ನಿಂತವು.

"ಹೊರಗೆ ಹತ್ತು ಜನ ನಿಂತಿದ್ದಾರೆ ನಿನ್ನ ಜಾಗಕ್ಕೆ!"

"ಕರೀರಿ. ಅವರ ಕುತ್ತಿಗೆಗೂ ಒಂದೊಂದು ಡಬ್ಬಿ ಕಟ್ಟಿ ಬಾಗಿಲ ಹತ್ರ ತನ್ನಿ. ಒಳಗೆ ಬಿಡ್ತೀರೋ ಇಲ್ವೋ ನೋಡೋಣ."

"ಏಯ್, ಅದು ಯಂತ್ರ ಕಣೋ!"

"ಹೂಂ ಮೇಸ್ತ್ರಿ. ಅದಕ್ಕೆ ನೀವು ಓಡಿ ಬಂದ್ರಿ. ನಾನು ಬಿದ್ದಾಗ ನಡ್ಕೊಂಡು ಬಂದಿದ್ರಿ."

ಒಳಗೆ ಉರುಳೆಯ ಬಳಿ ಇಬ್ಬರು ಹೆಂಗಸರಿದ್ದರು. ಬಾಗಿಲು ಅರ್ಧ ತೆರೆದೇ ಇತ್ತು, ಅವರಿಗೆ ಎಲ್ಲ ಕೇಳಿತ್ತು. ಒಬ್ಬಳು ಬಂದಳು. ಸ್ವಿಚ್ಚು ಆರಿಸಿ ಇನ್ನೊಬ್ಬಳೂ ಬಂದಳು. ಮುಖ ಕೆಂಪಗೆ, ಸೀರೆ ಮೈಗೆ ಅಂಟಿಕೊಂಡು. ದೊಡ್ಡಮ್ಮ ಇಬ್ಬರಿಗೂ ತಂಬಿಗೆಯ ನೀರು ಕೊಟ್ಟಳು. "ಕುಡೀರಿ, ಹೊಟ್ಟೆ ತುಂಬ ಕುಡೀರಿ. ಇವತ್ತು ಕಕ್ಕಸಿಗೆ ಹೋಗೋಕೆ ಬೇಕಾದಷ್ಟು ಪುರುಸೊತ್ತಿದೆ." ಎಲ್ಲರೂ ಗಾಡಿಗಳನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ ನೆಲದ ಮೇಲೆ ಕೂತರು.

ಮೇಸ್ತ್ರಿಗೆ ಆಗ ನೆನಪಾಯಿತು. ಮುಖದ ಬಣ್ಣ ಇಳಿಯಿತು. "ಆ ಕಾಗದ... ಆ ಕಾಗದ ಕೊಡಮ್ಮ ಇಲ್ಲಿ. ಒಂದಕ್ಷರ ತಪ್ಪಾಗಿದೆ."

"ತಪ್ಪಾಗಿಲ್ಲ ಮೇಸ್ತ್ರಿ, ಓದಿದ್ದೀನಿ," ಅಂದಳು ಕಡ್ಡಿ. "ನೀವು ಇಷ್ಟು ವರ್ಷದಲ್ಲಿ ಬರೆದ ಮೊದಲನೇ ನಿಜ. ಕಳೆದುಹೋಗಬಾರದು, ನನ್ನ ಹತ್ರಾನೇ ಇರಲಿ. ಡಾಕ್ಟ್ರಿಗೆ ನಕಲು ಕೊಡ್ತೀನಿ."

ಬೇಡಿದ. ಬೈದ. ಅಕ್ಕಾ ಅಂದ. ಅಕ್ಕ ಅನ್ನಿಸಿಕೊಂಡು ಕಡ್ಡಿಗೆ ಖುಷಿಯಾಯಿತು, ಕಾಗದ ಮಾತ್ರ ಕೊಡಲಿಲ್ಲ. ಕೊನೆಗೆ ಅವನೇ ಅಂಗಿ ತೋಳು ಮಡಚಿ ಗಾಡಿ ಸರಿಸಿ ಒಳಗೆ ನುಗ್ಗಿದ. ಥಿಯೇಟರಿನ ಒಂದು ಗಂಟನ್ನಾದರೂ ಒಣಗಿಸಿ ಮೇಲೆ ಕಳಿಸಬೇಕೆಂಬ ಹಟ. ಅಂಗಿ ಬೆನ್ನಿಗಂಟಿಸಿಕೊಂಡು, ಬರಿಗೈಯಲ್ಲಿ ಹೊರಬಂದ. ಮೂಲೆಯ ಸ್ಟೂಲಿನ ಮೇಲೆ ಕೂತು ಬಾಯಿ ತೆರೆದು ಉಸಿರು ಬಿಟ್ಟ. ಬೆಟ್ಟ ತಾನೇ ಎದ್ದು ಹೋಗಿ ನೀರು ಕೊಟ್ಟ. ಮೇಸ್ತ್ರಿ ಒಂದೇ ಉಸಿರಿಗೆ ಕುಡಿದ.

ಗೋಡೆಯ ಫೋನು ಹೊಡೆದುಕೊಳ್ಳತೊಡಗಿತು. ಮೇಲಿನಿಂದ. ನಿಂತಿತು, ಮತ್ತೆ ಹೊಡೆದುಕೊಂಡಿತು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ತಲೆ ಅಲ್ಲಾಡಿಸಿದ. ಆ ಫೋನನ್ನು ಅವನ ಹೊರತು ಬೇರೆ ಯಾರೂ ಮುಟ್ಟಿದ್ದಿಲ್ಲ. ಬೆಟ್ಟ ಹೋಗಿ ಎತ್ತಿದ. ಅವನ ಕೈಯಲ್ಲಿ ಅದು ಆಟದ ಸಾಮಾನಿನ ಹಾಗೆ ಕಾಣುತ್ತಿತ್ತು.

"ಥಿಯೇಟರ್ ಬಟ್ಟೆ ಎಲ್ಲಿ?" ಅತ್ತ ಕಡೆ ಆಸ್ಪತ್ರೆಯ ದೊಡ್ಡ ಸಾಹೇಬರ ದನಿ. ಕಿರುಚಾಟ ಸುತ್ತ ಕೂತವರಿಗೆಲ್ಲ ಕೇಳಿತು. "ಯಾರು ಮಾತಾಡ್ತಿರೋದು?"

"ಬಟ್ಟೆ ಒಗೆದಿದೆ ಸಾರ್," ಅಂದ ಬೆಟ್ಟ. "ಒದ್ದೆ ಇದೆ. ಒಣಗಿಸೋ ಕೋಣೆಯಲ್ಲಿ ಐವತ್ತೆರಡು ಡಿಗ್ರಿ ಇದೆ. ಕಿಂಡಿಯ ತಗಡು ಕಿತ್ತು, ಫ್ಯಾನು ಹಾಕಿಸಿ. ಅಲ್ಲಿವರೆಗೂ ನಾವು ಒಳಗೆ ಹೋಗಲ್ಲ. ಅವಸರ ಇದ್ರೆ ನೀವೇ ಇಳಿದು ಬನ್ನಿ ಸಾರ್, ಬಾಗಿಲು ತೆರೆದಿದೆ."

ಫೋನು ಇಟ್ಟ. ಎದೆ ಡಬ್ಬಿಯ ಕೆಳಗೆ ಗುದ್ದುತ್ತಿತ್ತು. ಬಂದು ಹೆಂಡತಿಯ ಪಕ್ಕ ನೆಲದ ಮೇಲೆ ಕೂತ. ಕಡ್ಡಿ ಅವನ ಕಡೆ ನೋಡದೆ, ಮೆಲ್ಲಗೆ ಕೇಳಿದಳು:

"ಎಲ್ಲ ಸರಿ. ಎರಡೆರಡು ಸಲ ಸಾರ್ ಅಂತ ಯಾಕಂದೆ?"

"ಅಭ್ಯಾಸ."

"ಬಿಡು ಆ ಅಭ್ಯಾಸ."

"ಬಿಡ್ತೀನಿ ಕಣೇ," ಅಂದ ಬೆಟ್ಟ, ಅಂಗಿಯಿಂದ ಮುಖ ಒರೆಸಿಕೊಳ್ಳುತ್ತಾ. "ಒಂದೇ ದಿನಕ್ಕೆ ಎಷ್ಟು ಅಂತ ಬಿಡಲಿ?"